ಕುಮಟಾದಿಂದ ಹೊರಟು ರೈಲು, ಹಡಗು, ಮತ್ತೆ ರೈಲು: ಕಡಿಮೆ ಖರ್ಚಿನಲ್ಲಿ ಶ್ರೀಲಂಕಾ ಆಗುತ್ತಾ?

ಅಘನಾಶಿನಿ ದಡ:
ಎಲ್ಲರಿಗೂ ನಮಸ್ಕಾರ. ನಾನು ಕುಮಟಾದವಳು. ಅಪ್ಪ ಅಮ್ಮನನ್ನು ಒಮ್ಮೆ ಹೊರದೇಶಕ್ಕೆ ಕರೆದುಕೊಂಡು ಹೋಗಬೇಕು ಅಂತ ಬಹಳ ದಿನದ ಆಸೆ. ಅಪ್ಪನಿಗೆ ಕಿವಿಯ ತೊಂದರೆ ಇದೆ, ವಿಮಾನ ಬೇಡವೇ ಬೇಡ ಎಂದು ಡಾಕ್ಟರ್ ಹೇಳಿಬಿಟ್ಟಿದ್ದಾರೆ. ಆದರೆ ರೈಲು ಅಂದರೆ ಅವರಿಗೆ ಜೀವ. ಹಾಗಾಗಿ ಸಮುದ್ರ ದಾಟಿ, ಆಚೆ ದಡದಲ್ಲೂ ರೈಲಿನಲ್ಲೇ ಸುತ್ತಾಡಿ ಬರುವಂಥ ಪ್ರವಾಸ ಹುಡುಕುತ್ತಿದ್ದೇನೆ.

ಒಬ್ಬರಿಗೆ ಮೂವತ್ತು ಸಾವಿರ ದಾಟಬಾರದು. ಹತ್ತು ದಿನ ಸಿಗುತ್ತದೆ. ನಾವು ಸಸ್ಯಾಹಾರಿಗಳು. ರಾಮೇಶ್ವರದಿಂದ ಲಂಕಾಕ್ಕೆ ಹಡಗು ಇದೆ ಅಂತ ಒಬ್ಬರು ಹೇಳುತ್ತಾರೆ, ಇಲ್ಲ ಅಂತ ಇನ್ನೊಬ್ಬರು. ಪೇಟೆಯ ಒಬ್ಬ ಏಜೆಂಟ್ ವಿಮಾನ ಬಿಟ್ಟು ಬೇರೆ ಮಾತೇ ಆಡಲಿಲ್ಲ. ಗೊತ್ತಿದ್ದವರು ದಾರಿ ಹೇಳಿ.

ಶಿರವಾಡ ಪ್ಲಾಟ್‌ಫಾರ್ಮ್:
ಅಕ್ಕಾ, ರಾಮೇಶ್ವರದಿಂದ ಈಗ ಪ್ರಯಾಣಿಕರ ಹಡಗು ಇಲ್ಲ. ಇರುವುದು ನಾಗಪಟ್ಟಣದಿಂದ. ತಮಿಳುನಾಡಿನ ನಾಗಪಟ್ಟಣದಿಂದ ಲಂಕಾದ ಕಾಂಕೇಸಂತುರೈಗೆ 2023ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಸ್ವಲ್ಪ ದಿನಕ್ಕೇ ನಿಂತಿತು. 2024ರ ಆಗಸ್ಟ್‌ನಲ್ಲಿ 'ಶಿವಗಂಗೈ' ಎಂಬ ಬೇರೆ ಹಡಗಿನಲ್ಲಿ ಮತ್ತೆ ಶುರುವಾಯಿತು. ಸುಮಾರು 110 ಕಿ.ಮೀ. ಸಮುದ್ರ, ನಾಲ್ಕು ತಾಸಿನ ದಾರಿ. ಕಾಂಕೇಸಂತುರೈನಲ್ಲಿ ಇಳಿದರೆ ಹತ್ತಿರದಲ್ಲೇ ರೈಲ್ವೆ ಸ್ಟೇಷನ್. ಲಂಕಾದ ಉತ್ತರದ ಲೈನು ಶುರುವಾಗುವುದೇ ಅಲ್ಲಿಂದ. ನಿಮ್ಮ ಅಪ್ಪನಿಗೆ ಹೇಳಿ ಮಾಡಿಸಿದ ದಾರಿ.

ಘಟ್ಟದ ಮೇಲಿನವ:
ನಾಗಪಟ್ಟಣ ಅಂದ ಕೂಡಲೇ ಎಲ್ಲರೂ ಬೆಂಗಳೂರು, ಚೆನ್ನೈ ಅಂತ ಸುತ್ತು ಹಾಕುತ್ತಾರೆ. ಬೇಕಾಗಿಲ್ಲ. ವಾಸ್ಕೋದಿಂದ ವೇಲಾಂಕಣ್ಣಿಗೆ ವಾರಕ್ಕೊಂದು ರೈಲು ಇದೆ. ಮಡಗಾಂವ್, ಲೋಂಡಾ, ಹುಬ್ಬಳ್ಳಿ, ಹಾವೇರಿ, ಬೆಂಗಳೂರು ಹೊರವಲಯ, ಸೇಲಂ, ತಿರುಚ್ಚಿ, ತಂಜಾವೂರು ಹಾದು ನಾಗಪಟ್ಟಣಕ್ಕೇ ಹೋಗುತ್ತದೆ. ಶಿರಸಿಯವರು ಹಾವೇರಿಯಲ್ಲಿ ಹತ್ತಬಹುದು. ಗೋವಾ, ಕಾರವಾರ ಕಡೆಯ ಕ್ರಿಶ್ಚಿಯನ್ನರಿಗೆ ಈ ಗಾಡಿ ಚೆನ್ನಾಗಿ ಗೊತ್ತು, ವೇಲಾಂಕಣ್ಣಿ ಮಾತೆಯ ದರ್ಶನಕ್ಕೆ ಇದರಲ್ಲೇ ಹೋಗುವುದು.

ಸದಾಶಿವಗಡ:
ಹೌದು, ನಮ್ಮ ಕೇರಿಯವರು ಪ್ರತಿ ವರ್ಷ ಹೋಗುತ್ತಾರೆ. ಸೆಪ್ಟೆಂಬರ್ ಹಬ್ಬದ ಸಮಯದಲ್ಲಿ ಮಾತ್ರ ಸೀಟು ಕೇಳಬೇಡಿ, ಪೂರ್ತಿ ತುಂಬಿರುತ್ತದೆ.

ಕೋಡಿಬೀರ ದಾರಿ:
ಹಡಗಿನಲ್ಲಿ ದಾಟಿದರೆ ಅದು ರೈಲು ಪ್ರವಾಸ ಹೇಗಾಗುತ್ತದೆ ಮಾರಾಯ್ರೆ? ರೈಲೇ ಸಮುದ್ರ ದಾಟಬೇಕು ಅಂದರೆ ಮಲೇಷ್ಯಾ–ಸಿಂಗಾಪುರಕ್ಕೆ ಹೋಗಿ. ಮಲೇಷ್ಯಾದ ಜೊಹೋರ್ ಬಾರುವಿನಿಂದ ಸಿಂಗಾಪುರದ ವುಡ್‌ಲ್ಯಾಂಡ್ಸ್‌ಗೆ ಶಟಲ್ ಗಾಡಿ. ಸಮುದ್ರಕ್ಕೆ ಅಡ್ಡಲಾಗಿ ಕಟ್ಟಿದ ಒಂದು ಕಿ.ಮೀ. ಚಿಲ್ಲರೆ ಉದ್ದದ ದಾರಿಯ (ಕಾಸ್‌ವೇ) ಮೇಲೆ ಐದೇ ನಿಮಿಷಕ್ಕೆ ಇನ್ನೊಂದು ದೇಶ. ಮಲೇಷ್ಯಾ ಕಡೆಯಿಂದ ಹತ್ತಿದರೆ ಟಿಕೆಟ್ 5 ರಿಂಗಿಟ್. ಸಿಂಗಾಪುರದ ಕಡೆಯಿಂದ ಹತ್ತಿದರೆ 5 ಸಿಂಗಾಪುರ ಡಾಲರ್. ದುಡ್ಡಿನ ಬೆಲೆ ಬೇರೆಯಾದ್ದರಿಂದ ಹೋಗುವಾಗ ಅಗ್ಗ, ಬರುವಾಗ ಮೂರು ಪಟ್ಟು. ಎರಡೂ ಊರಿನ ನಡುವೆ ಆರ್‌ಟಿಎಸ್ ಎಂಬ ಹೊಸ ಮೆಟ್ರೋ ಥರದ ಲೈನ್ ತಯಾರಾಗುತ್ತಿದೆ, ಅದು ಬಂದ ಮೇಲೆ ಈ ಹಳೇ ಶಟಲ್ ನಿಲ್ಲುತ್ತದೆ. ನೋಡುವವರು ಬೇಗ ನೋಡಿ.

ಘಟ್ಟದ ಮೇಲಿನವ:
ಅವರು ವಿಮಾನ ಬೇಡ ಅಂದಿದ್ದಾರಲ್ಲ ಅಣ್ಣಾ. ಕೌಲಾಲಂಪುರಕ್ಕೆ ಹೋಗುವುದು ಹೇಗೆ, ಈಜಿಕೊಂಡಾ?

ಕೋಡಿಬೀರ ದಾರಿ:
ಈ ಚರ್ಚೆ ಓದುವವರು ಅವರೊಬ್ಬರೇ ಅಲ್ಲವಲ್ಲ. ವಿಮಾನ ಹತ್ತುವವರಿಗೂ ಉಪಯೋಗ ಆಗಲಿ ಅಂತ ಬರೆದೆ. ಸಿಂಗಾಪುರಕ್ಕೆ ನಮಗೆ ವೀಸಾ ಬೇಕು, ಮೊದಲೇ ಮಾಡಿಸಿಕೊಳ್ಳಬೇಕು.

ಬನವಾಸಿ ಬಯಲು:
ರೈಲೇ ಸಮುದ್ರ ದಾಟುವುದರಲ್ಲಿ ಇನ್ನೂ ಸೊಗಸಾದದ್ದು ಇಟಲಿಯದು. ರೋಮ್‌ನಿಂದ ಸಿಸಿಲಿಗೆ ಹೋಗುವ ಗಾಡಿಯನ್ನು ವಿಲ್ಲಾ ಸಾನ್ ಜೊವಾನ್ನಿಯಲ್ಲಿ ತುಂಡು ತುಂಡು ಮಾಡಿ, ಬೋಗಿ ಸಮೇತ ಹಡಗಿನ ಹೊಟ್ಟೆಗೆ ತಳ್ಳುತ್ತಾರೆ. ಮೆಸ್ಸೀನಾ ಜಲಸಂಧಿ ದಾಟಿದ ಮೇಲೆ ಮತ್ತೆ ಜೋಡಿಸುತ್ತಾರೆ. ಪ್ರಯಾಣಿಕರು ಬರ್ತ್ ಮೇಲೆ ಮಲಗಿಯೇ ಇರಬಹುದು. ಜರ್ಮನಿ–ಡೆನ್ಮಾರ್ಕ್ ನಡುವೆಯೂ ಹೀಗೇ ಇತ್ತು, 2019ರಲ್ಲಿ ನಿಂತಿತು. ಆದರೆ ಯುರೋಪಿಗೆ ವೀಸಾ ಖರ್ಚೇ 90 ಯೂರೋ. ಮೂವತ್ತು ಸಾವಿರದಲ್ಲಿ ಆಗುವ ಮಾತಲ್ಲ.

ಅಘನಾಶಿನಿ ದಡ:
ಓದೋಕೆ ಖುಷಿ ಆಯ್ತು, ಅಪ್ಪನಿಗೂ ಓದಿ ಹೇಳಿದೆ. ಆದರೆ ನಮಗೆ ಲಂಕಾನೇ ಸರಿ. ಹಡಗು ನಡುವೆ ಬಂದರೂ ಅಡ್ಡಿಯಿಲ್ಲ. ಅಪ್ಪ ಒಂದು ಮಾತು ಕೇಳಿದರು: ಹಿಂದೆ ಮದ್ರಾಸಿನಲ್ಲಿ ಹತ್ತಿದರೆ ಅದೇ ಬೋಗಿಯಲ್ಲಿ ಕೊಲಂಬೊದಲ್ಲಿ ಇಳಿಯಬಹುದಿತ್ತಂತೆ, ನಿಜವಾ?

ನಿವೃತ್ತ ರೈಲ್ವೆ ನೌಕರ:
ಅದೇ ಟಿಕೆಟ್‌ನಲ್ಲಿ, ಹೌದು. ಅದೇ ಬೋಗಿಯಲ್ಲಿ, ಇಲ್ಲ.

ಅದನ್ನು ಬೋಟ್ ಮೇಲ್ ಎನ್ನುತ್ತಿದ್ದರು. ಮದ್ರಾಸಿನ ಎಗ್ಮೋರ್‌ನಿಂದ ಹೊರಟು ಧನುಷ್ಕೋಟಿಯವರೆಗೆ ರೈಲು. ಅಲ್ಲಿ ಗಾಡಿ ಹಡಗುಕಟ್ಟೆಯವರೆಗೂ ಹೋಗುತ್ತಿತ್ತು. ಇಳಿದು ಸ್ಟೀಮರ್ ಹತ್ತಿದರೆ ಎರಡು ಮೂರು ತಾಸಿನಲ್ಲಿ ಲಂಕಾದ ದಡದ ತಲೈಮನ್ನಾರ್. ಅಲ್ಲಿ ಕಟ್ಟೆಯ ಮೇಲೆಯೇ ಕೊಲಂಬೊ ರೈಲು ಕಾಯುತ್ತಿತ್ತು. 1914ರಲ್ಲಿ ರಾಮೇಶ್ವರ ದ್ವೀಪಕ್ಕೆ ಹೋಗುವ ಪಾಂಬನ್ ರೈಲು ಸೇತುವೆ ಆದ ಮೇಲೆ ಈ ವ್ಯವಸ್ಥೆ ಬಂದದ್ದು. ಅದಕ್ಕೂ ಮುಂಚೆ ತೂತುಕುಡಿಯಿಂದ ಹಡಗು. ಬೋಗಿ ದಾಟಿಸೋಕೆ ಇನ್ನೊಂದು ಅಡ್ಡಿಯೂ ಇತ್ತು. ನಮ್ಮ ಕಡೆ ಆಗ ಕಿರಿದಾದ ಮೀಟರ್‌ಗೇಜ್ ಹಳಿ, ಲಂಕಾದಲ್ಲಿ ಅಗಲವಾದ ಬ್ರಾಡ್‌ಗೇಜ್. ಈಗ ಎರಡೂ ಕಡೆ ಒಂದೇ ಅಳತೆ, 1,676 ಮಿ.ಮೀ. ಹಳಿ ಹೊಂದುವ ಕಾಲದಲ್ಲಿ ದಾರಿಯೇ ಇಲ್ಲ, ಅದೇ ಬೇಸರ.

1964ರ ಡಿಸೆಂಬರ್‌ನ ಚಂಡಮಾರುತ ಎಲ್ಲವನ್ನೂ ಮುಗಿಸಿತು. 22ರ ರಾತ್ರಿ ಪಾಂಬನ್‌ನಿಂದ ಧನುಷ್ಕೋಟಿಗೆ ಹೊರಟಿದ್ದ ಪ್ಯಾಸೆಂಜರ್ ಗಾಡಿ ಜನರ ಸಮೇತ ಅಲೆಗೆ ಸಿಕ್ಕಿತು. ಊರು ಮತ್ತೆ ಏಳಲೇ ಇಲ್ಲ. ಆಮೇಲೆ ರಾಮೇಶ್ವರದಿಂದ ತಲೈಮನ್ನಾರ್‌ಗೆ ಹಡಗು ಓಡಿತು. ಲಂಕಾದಲ್ಲಿ ಯುದ್ಧ ಶುರುವಾದ ಮೇಲೆ ಅದೂ ನಿಂತಿತು. ನಿಮಗೆ ಬೇರೆ ಬೇರೆ ಮಾತು ಕೇಳಿಬಂದದ್ದು ಇದಕ್ಕೇ. ಹಳಬರ ನೆನಪಿನಲ್ಲಿ ಆ ಹಡಗು ಇನ್ನೂ ಇದೆ.

ಹೊನ್ನಾವರ ಸೇತುವೆ:
ಪಾಂಬನ್ ನೋಡೋಕೆ ಜನ ಅಷ್ಟು ದೂರ ಹೋಗುತ್ತಾರೆ. ನಮ್ಮ ಶರಾವತಿ ರೈಲು ಸೇತುವೆಯೂ ಎರಡು ಕಿ.ಮೀ. ದಾಟುತ್ತದೆ, ಕೊಂಕಣ ರೈಲ್ವೆಯಲ್ಲೇ ಎಲ್ಲಕ್ಕಿಂತ ಉದ್ದ. ಉದ್ದದಲ್ಲಿ ಎರಡೂ ಹೆಚ್ಚುಕಡಿಮೆ ಸಮ.

ನಿವೃತ್ತ ರೈಲ್ವೆ ನೌಕರ:
ಉದ್ದ ಸಮ, ಸರಿ. ಆದರೆ ಶರಾವತಿ ಸೇತುವೆ ಹಡಗಿಗಾಗಿ ಮೇಲೇಳುವುದಿಲ್ಲ. 2025ರ ಏಪ್ರಿಲ್‌ನಲ್ಲಿ ತೆರೆದ ಹೊಸ ಪಾಂಬನ್ ಸೇತುವೆಯ ನಡುವಿನ 72.5 ಮೀಟರ್ ತುಂಡು ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಅದನ್ನು ನೋಡಲೇಬೇಕು.

ಬೈತಖೋಲ್ ಬಲೆ:
ರೈಲಿನ ಮಾತು ಸಾಕು, ಸಮುದ್ರದ ಮಾತು ಯಾರೂ ಆಡುತ್ತಿಲ್ಲ. ನಾನು ಮೀನುಗಾರಿಕೆ ಮನೆಯವನು, ಅದಕ್ಕೆ ಹೇಳುತ್ತೇನೆ. ನಮ್ಮ ಕಡೆ ಕಡಲು ಕೆಡುವುದು ಜೂನ್, ಜುಲೈ. ಆಗ ಬೋಟು ಬಂದ್. ನಾಗಪಟ್ಟಣ, ಲಂಕಾದ ಕಡೆ ಲೆಕ್ಕವೇ ಬೇರೆ. ಅವರಿಗೆ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್. ನಮ್ಮಲ್ಲಿ ದೀಪಾವಳಿ ಹೊತ್ತಿಗೆ ಕಡಲು ತಣ್ಣಗಾಯಿತು ಅಂತ ಖುಷಿಯಿಂದ ಹೊರಟರೆ, ಅಲ್ಲಿ ಆಗಲೇ ಹಡಗು ನಿಂತಿರುತ್ತದೆ. ರಜೆ ಅಂತ ನವೆಂಬರ್‌ನಲ್ಲಿ ಟಿಕೆಟ್ ಮಾಡಬೇಡಿ. ಫೆಬ್ರವರಿ, ಮಾರ್ಚ್ ಒಳ್ಳೆಯದು. ಅಪ್ಪ ಅಮ್ಮನಿಗೆ ಹಡಗಿನಲ್ಲಿ ಹೊಟ್ಟೆ ತೊಳಸಬಾರದು ಅಂದರೆ ಅದೇ ಸಮಯ.

ಇನ್ನೊಂದು. ಹವೆ ಕೆಟ್ಟರೆ ಹಡಗು ರದ್ದಾಗುತ್ತದೆ, ಎಲ್ಲ ದಿನವೂ ಹೊರಡುವುದೂ ಇಲ್ಲ. ವಾಪಸ್ ಬರುವಾಗ ಹಡಗಿಗೂ ರೈಲಿಗೂ ನಡುವೆ ಕನಿಷ್ಠ ಒಂದು ದಿನ ಖಾಲಿ ಇಡಿ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಅಘನಾಶಿನಿ ದಡ:
ಬೈತಖೋಲ್ ಅಣ್ಣಾ, ತುಂಬ ಉಪಕಾರ. ನಾನು ನವೆಂಬರ್ ಅಂತಲೇ ಯೋಚಿಸುತ್ತಿದ್ದೆ. ಫೆಬ್ರವರಿ ಮಾಡುತ್ತೇನೆ.

ಶಾಲ್ಮಲಾ:
ನಾನು ಶಿರಸಿಯವಳು, ಗೆಳತಿಯರ ಜೊತೆ ಈ ದಾರಿಯಲ್ಲೇ ಹೋಗಿ ಬಂದಿದ್ದೇನೆ. ಆಚೆ ದಡದ ವಿಷಯ ಹೇಳುತ್ತೇನೆ.

ಕಾಂಕೇಸಂತುರೈಗೆ ದಿನಕ್ಕೆ ಗಾಡಿ ಕಡಿಮೆ. ಹಡಗು ಇಳಿದು, ಪಾಸ್‌ಪೋರ್ಟ್ ಮುದ್ರೆ ಆಗಿ ಹೊರಗೆ ಬರುವಷ್ಟರಲ್ಲಿ ಮಧ್ಯಾಹ್ನ. ಅವತ್ತೇ ಕೊಲಂಬೊ ಅಂತ ಓಡಬೇಡಿ. ಬಸ್ಸಿನಲ್ಲಿ ಜಾಫ್ನಾಕ್ಕೆ ಬನ್ನಿ, ಹತ್ತಿಪ್ಪತ್ತು ಕಿ.ಮೀ. ಅಷ್ಟೆ. ಅಲ್ಲಿ ಎರಡು ರಾತ್ರಿ ಇರಿ. ನಲ್ಲೂರು ಕಂದಸ್ವಾಮಿ ದೇವಸ್ಥಾನ ನೋಡಿ. ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು, ನಮ್ಮ ಕಡೆಯವರಿಗೆ ಅದೇನು ಹೊಸತಲ್ಲ. ಯುದ್ಧದಲ್ಲಿ ಈ ರೈಲು ಲೈನಿನ ಹಳಿ, ಸ್ಲೀಪರ್ ಎಲ್ಲ ಹೋಗಿತ್ತು. ನಮ್ಮ ದೇಶದ ಇರ್ಕಾನ್ ಕಂಪನಿ ಮತ್ತೆ ಕಟ್ಟಿತು. 2014ರ ಅಕ್ಟೋಬರ್‌ನಲ್ಲಿ ಜಾಫ್ನಾಕ್ಕೆ ಗಾಡಿ ಬಂತು, ಮರುವರ್ಷ ಕಾಂಕೇಸಂತುರೈಗೂ. ಜಾಫ್ನಾ ಸ್ಟೇಷನ್‌ನಲ್ಲಿ ನಿಂತಾಗ ಅದು ನೆನಪಾಗಿ ನನಗೆ ಗಂಟಲು ಕಟ್ಟಿತು.

ಜಾಫ್ನಾದಿಂದ ಕೊಲಂಬೊ ಕೋಟೆ ಸ್ಟೇಷನ್ ಸುಮಾರು 400 ಕಿ.ಮೀ. 'ಯಾಳ್ ದೇವಿ' ಎಂಬ ಗಾಡಿ 1956ರಿಂದಲೂ ಹೆಸರುವಾಸಿ. ದಾರಿಯಲ್ಲಿ ಅನುರಾಧಪುರ ಸಿಗುತ್ತದೆ, ಒಂದು ದಿನ ಇಳಿಯಿರಿ. ಕ್ಯಾಂಡಿಗೆ ಹೋಗುವವರು ಕೊಲಂಬೊವರೆಗೆ ಹೋಗಿ ವಾಪಸ್ ಬರುವ ಅಗತ್ಯವಿಲ್ಲ. ಪೊಲ್ಗಹವೆಲ ಜಂಕ್ಷನ್‌ನಲ್ಲಿ ಗಾಡಿ ಬದಲಾಯಿಸಿ. ಏಜೆಂಟರು ಇದನ್ನು ಹೇಳುವುದೇ ಇಲ್ಲ, ಸುಮ್ನೆ ಕೊಲಂಬೊ ಹೋಟೆಲ್ ಒಂದು ರಾತ್ರಿ ಸೇರಿಸುತ್ತಾರೆ.

ರಿಸರ್ವೇಷನ್ ಮೂವತ್ತು ದಿನ ಮುಂಚೆ ತೆರೆಯುತ್ತದೆ. ಎರಡನೇ ದರ್ಜೆ ಸಾಕು, ಕಿಟಕಿ ತೆರೆಯಬಹುದು.

ಮಂಜುಗುಣಿ:
ಬೆಟ್ಟದ ಮೇಲಿನ 'ಎಲ್ಲಾ' ಎಂಬ ಊರಿಗೆ ಹೋಗುವ ರೈಲು? ಒಂಬತ್ತು ಕಮಾನಿನ ಸೇತುವೆ ಎಲ್ಲರ ಮೊಬೈಲ್‌ನಲ್ಲೂ ಇದೆ.

ಶಾಲ್ಮಲಾ:
2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂದಾಗ ಆ ಬೆಟ್ಟದ ಲೈನಿಗೆ ಬಹಳ ಪೆಟ್ಟು ಬಿತ್ತು. ಎಷ್ಟೋ ಕಡೆ ಮಣ್ಣು ಕುಸಿದು ಹಳಿ ಗಾಳಿಯಲ್ಲಿ ನೇತಾಡುತ್ತಿತ್ತು. ಶಿರೂರಿನ ಗುಡ್ಡ ಕುಸಿದದ್ದನ್ನು ಕಂಡ ನಮಗೆ ಅದರ ಅರ್ಥ ಬೇಗ ಆಗುತ್ತದೆ. ಹಾಗಾಗಿ ಯಾವ ಭಾಗದಲ್ಲಿ ಗಾಡಿ ಓಡುತ್ತಿದೆ ಅಂತ ಶ್ರೀಲಂಕಾ ರೈಲ್ವೆಯ ಪ್ರಕಟಣೆ ನೋಡಿ, ಆಮೇಲೆ ರೂಮು ಹಿಡಿಯಿರಿ. ವಯಸ್ಸಾದವರ ಜೊತೆ ಹೋಗುವಾಗ ನನಗೆ ಕೇಳಿದರೆ ಕೊಲಂಬೊ–ಗಾಲೆ ಲೈನೇ ಚೆನ್ನ. ಎರಡೂವರೆ ತಾಸು, ಬಹಳಷ್ಟು ದೂರ ಹಳಿ ಸಮುದ್ರದ ಪಕ್ಕದಲ್ಲೇ. ಟಿಕೆಟ್ ಬಹಳ ಅಗ್ಗ.

ಮಂಜುಗುಣಿ:
ಅದೇ ಲೈನಿನಲ್ಲಿ ಅಲ್ವಾ ಸುನಾಮಿ ದಿನ ರೈಲು ಮುಳುಗಿದ್ದು?

ನಿವೃತ್ತ ರೈಲ್ವೆ ನೌಕರ:
ಹೌದು. 2004ರ ಡಿಸೆಂಬರ್ 26, ಪೆರಲಿಯ ಎಂಬ ಊರಿನ ಹತ್ತಿರ. ಸಾವಿರಕ್ಕೂ ಹೆಚ್ಚು ಜನ ಹೋದರು. ಜಗತ್ತಿನ ರೈಲು ದುರಂತಗಳಲ್ಲೇ ಅತಿ ದೊಡ್ಡದು ಅದು. ಅಲ್ಲಿ ಸ್ಮಾರಕ ಇದೆ.

ತೋಟದ ಮನೆ:
ಊಟದ ವಿಷಯ ನಾನು ಹೇಳುತ್ತೇನೆ. ಜಾಫ್ನಾದಲ್ಲಿ ಸಸ್ಯಾಹಾರಿ ಹೋಟೆಲ್‌ಗಳು ಧಾರಾಳ. ಇಡ್ಲಿ, ದೋಸೆ, ಅನ್ನ ಸಾಂಬಾರ್ ಸಿಗುತ್ತದೆ. ಒತ್ತು ಶ್ಯಾವಿಗೆ ಅಂತೂ ಬೆಳಿಗ್ಗೆ ಸಂಜೆ ಎರಡೂ ಹೊತ್ತು. ದಕ್ಷಿಣಕ್ಕೆ ಹೋದ ಹಾಗೆ ಹುಷಾರು. ಅಲ್ಲಿ ಕಾಯಿ ತುರಿಯ ಸಂಬೋಲ ಅಂತ ಕೊಡುತ್ತಾರೆ, ನೋಡೋಕೆ ನಮ್ಮ ಕಾಯಿ ಚಟ್ನಿ ಥರವೇ. ಅದಕ್ಕೆ ಒಣಮೀನಿನ ಪುಡಿ ಹಾಕುವುದು ರೂಢಿ. ಬೇಳೆ ಸಾರಿಗೂ ಕೆಲವು ಕಡೆ ಹಾಕುತ್ತಾರೆ. ಕೇಳಿಯೇ ತಿನ್ನಿ. ಮೊದಲ ಎರಡು ದಿನಕ್ಕೆ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋದರೆ ನಿಶ್ಚಿಂತೆ.

ಬೈತಖೋಲ್ ಬಲೆ:
ಆ ಒಣಮೀನಿನ ಪುಡಿಯೇ ರುಚಿ. ಮೀನು ತಿನ್ನುವವರು ಬಿಡಬೇಡಿ.

ಘಟ್ಟದ ಮೇಲಿನವ:
ಲಂಕಾ ಅಂದರೆ ನನಗೆ ನೆನಪಾಗುವುದು ಅಡಿಕೆ. ಅಲ್ಲಿಂದ ಬರುವ ಅಡಿಕೆ ನಮ್ಮ ದರ ಕೆಡಿಸುತ್ತದೆ. ಪ್ರವಾಸಕ್ಕೆ ಹೋದವರು ಅಲ್ಲಿನ ತೋಟಗಳನ್ನೂ ಸ್ವಲ್ಪ ನೋಡಿ ಬಂದು ಹೇಳಿ.

ತೋಟದ ಮನೆ:
2023ರಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿದರಲ್ಲ. ಅದಕ್ಕಿಂತ ಕಡಿಮೆಗೆ ತರುವ ಹಾಗಿಲ್ಲ.

ಘಟ್ಟದ ಮೇಲಿನವ:
ಕಾನೂನಿನ ದಾರಿಯಲ್ಲಿ ಬರುವುದಕ್ಕೆ ಅದು ಸರಿ. ಬೇರೆ ದಾರಿಯಲ್ಲಿ ಬರುವುದಕ್ಕೆ ಏನು ಮಾಡುತ್ತೀರಿ? ಬೇರೆ ದೇಶದ ಅಡಿಕೆಯನ್ನು ಲಂಕಾದ ಹೆಸರಿನಲ್ಲಿ ತರುತ್ತಾರೆ ಎಂಬ ದೂರು ಎಷ್ಟು ವರ್ಷದಿಂದ ಇದೆ. ನಮಗೆ ಎಲೆಚುಕ್ಕಿ ರೋಗ ಒಂದು ಕಡೆ, ಇದೊಂದು ಕಡೆ.

ಶಿರವಾಡ ಪ್ಲಾಟ್‌ಫಾರ್ಮ್:
ಅಡಿಕೆಗೆ ಬೇರೆ ಚರ್ಚೆ ತೆರೆಯಿರಿ, ನಾನೂ ಬರುತ್ತೇನೆ. ಇಲ್ಲಿ ಖರ್ಚಿನ ಲೆಕ್ಕ ಮಾಡೋಣ. ಹಡಗಿಗೆ ಹೋಗಿಬರುವುದಕ್ಕೆ ಎಂಟರಿಂದ ಹತ್ತು ಸಾವಿರ ಹಿಡಿಯಿರಿ. ನಮ್ಮ ಕಡೆ ರೈಲು ಸ್ಲೀಪರ್‌ನಲ್ಲಿ ಹೋಗಿಬಂದರೆ ಎರಡು ಸಾವಿರದ ಆಸುಪಾಸು. ಲಂಕಾದ ಒಳಗಿನ ರೈಲಿಗೆ ಒಂದೆರಡು ಸಾವಿರ ಸಾಕು. ಉಳಿಯೋಕೆ, ಊಟಕ್ಕೆ ಮೂವರು ಒಂದೇ ಕೋಣೆ ಹಂಚಿಕೊಂಡರೆ ಒಬ್ಬರಿಗೆ ದಿನಕ್ಕೆ ಸಾವಿರದೈನೂರು. ಮೂವತ್ತರ ಒಳಗೆ ಆರಾಮಾಗಿ ಆಗುತ್ತದೆ.

ಕೋಡಿಬೀರ ದಾರಿ:
ವಯಸ್ಸಾದವರನ್ನು ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಸ್ಲೀಪರ್‌ನಲ್ಲಿ ಕೂರಿಸಿ ಎರಡು ಸಾವಿರ ಉಳಿಸುವುದಾ? ಥರ್ಡ್ ಎಸಿ ಮಾಡಿ. ಮಧ್ಯಮ ವರ್ಗದ ಉಳಿತಾಯ ಎಲ್ಲ ಅಪ್ಪ ಅಮ್ಮನ ಬೆನ್ನಿನ ಮೇಲೆಯೇ ಬೀಳಬೇಕಾ?

ಶಿರವಾಡ ಪ್ಲಾಟ್‌ಫಾರ್ಮ್:
ಫೆಬ್ರವರಿಯಲ್ಲಿ ಸ್ಲೀಪರ್ ಏನೂ ಕಷ್ಟವಲ್ಲ. ಅವರ ಅಪ್ಪ ಕಿಟಕಿ ಹತ್ತಿರ ಗಾಳಿಗೆ ಕೂರಬೇಕು ಅನ್ನುವವರಾಗಿದ್ದರೆ ಎಸಿಯಲ್ಲಿ ಉಸಿರು ಕಟ್ಟಿದ ಹಾಗಾಗುತ್ತದೆ. ಅವರನ್ನೇ ಕೇಳಲಿ.

ಅಘನಾಶಿನಿ ದಡ:
ಕೇಳಿದೆ. ಹೋಗುವಾಗ ಸ್ಲೀಪರ್, ಬರುವಾಗ ಎಸಿ ಅಂತ ಇಬ್ಬರೂ ಒಪ್ಪಿದರು. ಇನ್ನು ಪಾಸ್‌ಪೋರ್ಟ್ ಮತ್ತು ವೀಸಾ? ಮೂವರಿಗೂ ಪಾಸ್‌ಪೋರ್ಟ್ ಇಲ್ಲ.

ಮುಂಡಗೋಡ ರಸ್ತೆ:
ಪಾಸ್‌ಪೋರ್ಟ್‌ಗೆ ಸರ್ಕಾರದ ಅಧಿಕೃತ ತಾಣದಲ್ಲೇ ಅರ್ಜಿ ಹಾಕಿ, 36 ಪುಟದ್ದಕ್ಕೆ 1,500 ರೂಪಾಯಿ. ತತ್ಕಾಲ್ ಬೇಡ, ಸುಮ್ನೆ ಎರಡು ಸಾವಿರ ಜಾಸ್ತಿ. ಹುಬ್ಬಳ್ಳಿಯಲ್ಲಿ ಸೇವಾ ಕೇಂದ್ರ ಇದೆ. ಅಪ್ಪ ಅಮ್ಮನ ಆಧಾರ್, ಜನ್ಮ ದಿನಾಂಕದ ದಾಖಲೆ, ಹೆಸರು ಎಲ್ಲ ಒಂದೇ ಥರ ಇದೆಯಾ ಅಂತ ಮೊದಲು ನೋಡಿ. ನಮ್ಮ ಕಡೆಯ ಹಿರಿಯರಿಗೆ ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಮನೆತನದ ಹೆಸರು ಇರುತ್ತದೆ. ಅಲ್ಲೇ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳುವುದು.

ಲಂಕಾಕ್ಕೆ ಹೊರಡುವ ಮುಂಚೆ ಆನ್‌ಲೈನ್‌ನಲ್ಲಿ ಇಟಿಎ, ಅಂದರೆ ದೇಶದೊಳಗೆ ಬರುವ ಅನುಮತಿ, ಮಾಡಿಸಿಕೊಳ್ಳಬೇಕು. ಅದನ್ನೂ ಅವರ ಸರ್ಕಾರದ ತಾಣದಲ್ಲೇ ಮಾಡಿ. ಅದೇ ಥರ ಕಾಣುವ ಖಾಸಗಿ ತಾಣಗಳು ಸುಮ್ಮನೆ ಸೇವಾ ಶುಲ್ಕ ಹಾಕುತ್ತವೆ. ದುಡ್ಡು ಕೊಡೋಕೆ ಯುಪಿಐ 2024ರಿಂದ ಅಲ್ಲೂ ನಡೆಯುತ್ತದೆ, ಆದರೆ ಎಲ್ಲ ಅಂಗಡಿಯಲ್ಲಿ ಇಲ್ಲ. ನಮ್ಮ ಒಂದು ರೂಪಾಯಿಗೆ ಅವರ ಮೂರಕ್ಕಿಂತ ಹೆಚ್ಚು ಬರುತ್ತದೆ. ಬಸ್ಸು, ಚಹಾಕ್ಕೆ ಅಲ್ಲಿನ ನೋಟು ಇಟ್ಟುಕೊಳ್ಳಿ.

ಹೊನ್ನಾವರ ಸೇತುವೆ:
ಕುಮಟಾದವರು ಎಲ್ಲಿ ಹತ್ತುವುದು? ಹಾವೇರಿನಾ, ಮಡಗಾಂವಾ?

ಘಟ್ಟದ ಮೇಲಿನವ:
ಹಾವೇರಿ. ಶಿರಸಿ ಮೇಲೆ ಬಸ್ಸು ಸಿಗುತ್ತದೆ, ನಮ್ಮ ಮನೆಗೂ ಬಂದು ಊಟ ಮಾಡಿಕೊಂಡು ಹೋಗಬಹುದು.

ಶಿರವಾಡ ಪ್ಲಾಟ್‌ಫಾರ್ಮ್:
ಊಟ ಇರಲಿ, ದೇವಿಮನೆ ಘಟ್ಟದ ತಿರುವಿನಲ್ಲಿ ಹಿರಿಯರನ್ನು ಯಾಕೆ ಕುಲುಕುತ್ತೀರಿ? ಕುಮಟಾದಲ್ಲೇ ರೈಲು ಹತ್ತಿ ಮಡಗಾಂವ್‌ನಲ್ಲಿ ಇಳಿದರೆ ಆಯಿತು. ಪ್ಲಾಟ್‌ಫಾರ್ಮ್ ಬದಲಾಯಿಸಿದರೆ ಮುಗಿಯಿತು. ಮೇಲಾಗಿ ಅಲ್ಲಿಂದ ಹತ್ತಿದರೆ ದೂಧಸಾಗರದ ಘಟ್ಟ ಏರುವುದು ಸಿಗುತ್ತದೆ. ರೈಲು ಹುಚ್ಚಿನ ಅಪ್ಪನಿಗೆ ಅದನ್ನು ತಪ್ಪಿಸಬಾರದು.

ಅಘನಾಶಿನಿ ದಡ:
ಮಡಗಾಂವ್ ಎಂದರು ಅಪ್ಪ, ಒಂದು ಕ್ಷಣವೂ ಯೋಚಿಸಲಿಲ್ಲ. ಘಟ್ಟದ ಅಣ್ಣನ ಮನೆ ಊಟಕ್ಕೆ ಬೇರೆ ದಿನ ಬರುತ್ತೇವೆ. ಅಮ್ಮನಿಗೆ ಮೊಣಕಾಲು ನೋವು, ಇಬ್ಬರಿಗೂ ಕೆಳಗಿನ ಬರ್ತ್ ಬೇಕು. ಹಿರಿಯರ ರಿಯಾಯಿತಿ ಈಗಲೂ ಇದೆಯಾ?

ನಿವೃತ್ತ ರೈಲ್ವೆ ನೌಕರ:
ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು, ವಾಪಸ್ ಬಂದಿಲ್ಲ. ಕೆಳಗಿನ ಬರ್ತಿನ ಕೋಟಾ ಇದೆ. ಗಂಡಸರಿಗೆ 60, ಹೆಂಗಸರಿಗೆ 45 ವರ್ಷ ಆಗಿರಬೇಕು. ಒಂದು ಟಿಕೆಟ್‌ನಲ್ಲಿ ಇಬ್ಬರಿಗಿಂತ ಜಾಸ್ತಿ ಇದ್ದರೆ ಆ ಕೋಟಾ ಸಿಗುವುದಿಲ್ಲ. ಹಾಗಾಗಿ ಅಪ್ಪ ಅಮ್ಮನಿಗೆ ಒಂದು ಟಿಕೆಟ್, ನಿಮಗೆ ಬೇರೆ ಟಿಕೆಟ್ ಮಾಡಿ. ಬುಕಿಂಗ್ ಈಗ 60 ದಿನ ಮುಂಚೆ ಮಾತ್ರ ತೆರೆಯುತ್ತದೆ. ವಾರಕ್ಕೊಂದೇ ಗಾಡಿ, ಆದ್ದರಿಂದ ತೆರೆದ ದಿನ ಬೆಳಿಗ್ಗೆ 8 ಗಂಟೆಗೇ ಕೂತುಬಿಡಿ. ಹಡಗಿನ ವೇಳಾಪಟ್ಟಿ ಮೊದಲು ನೋಡಿ, ಅದಕ್ಕೆ ಹೊಂದುವ ವಾರದ ರೈಲು ಆಮೇಲೆ.